ಅಜ್ಜನ ದೋಣಿಗೆ ಟ್ರಿಪ್ ಶೀಟ್

ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ವಿಳಾಸ ವರ್ಷಕ್ಕೊಮ್ಮೆ ಬದಲಾದರೂ ಹೆಂಗೋ ಪತ್ತೆ ಹಚ್ಚುತ್ತವೆ. ಬೀದರ್ ಕಡೆಯ ಹಳ್ಳಿಯಲ್ಲಿ ಏಳನೇ ಇಯತ್ತೆಗೆ ಶಾಲೆಗೆ ಶರಣು ಹೊಡೆದು ಕಬ್ಬಿನ ಟ್ರ್ಯಾಕ್ಟರ್ ಹತ್ತಿದವನು ನಾನು. ಆಮೇಲೆ ಲಾರಿ ಕ್ಲೀನರ್, ಸೋಲಾಪುರದಲ್ಲಿ ಚಾದರದ ಅಂಗಡಿ, ಹೈದರಾಬಾದಿನ ಕೋಠಿಯಲ್ಲಿ ಹಳೇ ಪುಸ್ತಕದ ಬಂಡಿ. ಎಲ್ಲೂ ಒಂದು ಮಳೆಗಾಲಕ್ಕಿಂತ ಹೆಚ್ಚು ನಿಂತಿದ್ದಿಲ್ಲ. ಕಡೆಗೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಬಂಡೆಗಲ್ಲುಗಳ ನಡುವೆ ದಿನಕ್ಕೊಂದು ಏಳುತ್ತಿದ್ದ ಕಾಲದಲ್ಲಿ, ಅಲ್ಲಿನ ಜನರನ್ನು ಮನೆಯಿಂದ ಆಫೀಸಿಗೆ ಒಯ್ಯುವ ಕ್ಯಾಬಿಗೆ ಡ್ರೈವರ್ ಆದೆ. ಮೂರು ವರ್ಷ ಒಂದೇ ಸೀಟಿನಲ್ಲಿ ಕೂತೆ. ನನ್ನ ತಾಯಿಯೇ ನಂಬಲಿಲ್ಲ.

೧. ಓದದೆ ಹಾಕಿದ ಸಹಿ

ಕ್ಯಾಬಿನ ಕೆಲಸದಲ್ಲಿ ಗಾಡಿಗಿಂತ ದೊಡ್ಡದು ಟ್ರಿಪ್ ಶೀಟ್. ಎಲ್ಲಿಂದ ಎಲ್ಲಿಗೆ, ಹೊರಟಾಗ ಮೀಟರ್ ಎಷ್ಟು, ಮುಟ್ಟಿದಾಗ ಎಷ್ಟು, ಎ.ಸಿ. ಇತ್ತೋ ಇಲ್ಲವೋ, ಗಾಡಿ ಬಿಟ್ಟ ವೇಳೆ, ಅಂದರೆ ಸಾಹೇಬರು ಇನ್ನು ಬೇಡ ಅಂತ ಗಾಡಿ ಬಿಟ್ಟುಕೊಟ್ಟ ವೇಳೆ, ಅದರ ಕೆಳಗೆ ಷರಾ, ಅದರ ಕೆಳಗೆ ಕೂತು ಬಂದವರ ಸಹಿ. ಸಹಿ ಇಲ್ಲದಿದ್ದರೆ ಗಾಡಿ ಓಡಿಯೇ ಇಲ್ಲ ಅಂತ ಅರ್ಥ. ಅದನ್ನು ಓದಿ ಸಹಿ ಹಾಕಿದವರನ್ನು ಮಾತ್ರ ನಾನು ಕಂಡಿರಲಿಲ್ಲ. ಎಲ್ಲರ ಕಿವಿಗೂ ಫೋನು, ಕೈ ಒಂದೇ ನನ್ನ ಕಡೆ.

ಷರಾ ಎಂಬ ಜಾಗ ಖಾಲಿ ಬಿಡಲು ನನಗೆ ಮನಸ್ಸು ಬರುತ್ತಿರಲಿಲ್ಲ. ಇಂಗ್ಲಿಷು ಬರದು, ಹಾಗಾಗಿ ತೋಚಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ಒಂದು ದಿನ ಗಾಡಿಗಳನ್ನು ನೋಡಿಕೊಳ್ಳುವ ತೆಲುಗು ಮೇಡಂಗೆ, ಇವನು ದಿನಾ ಅಷ್ಟುದ್ದ ಏನು ಬರೆಯುತ್ತಾನೆ ಅಂತ ಅನುಮಾನ ಬಂತು. ಕನ್ನಡ ಬಲ್ಲ ಒಬ್ಬ ಇಂಜಿನಿಯರನ್ನು ಕರೆಸಿದರು. ಕುಂದಾಪುರದ ಕಡೆಯವನು, ದಿನಾ ನನ್ನ ಗಾಡಿಯಲ್ಲೇ ಬರುತ್ತಿದ್ದವನು. ಅವನು ಗಟ್ಟಿಯಾಗಿ ಓದಿದನಂತೆ: "ಈ ಸಾಹೇಬರು ಬೇಗಂಪೇಟೆಯಿಂದ ಆಫೀಸಿನ ತನಕ ಬಾಯಿ ತೆರೆದು ಗೊರಕೆ ಹೊಡೆದರು. ನಡುವೆ ಎರಡು ಸಲ ಅಮ್ಮಾ ಅಂದರು."

ಮೇಡಂ, "ಕೆಳಗಿನ ಸಹಿ ಯಾರದು?" ಅಂತ ಕೇಳಿದರಂತೆ.

ಅವನು ಕಾಗದ ಮಡಚಿ, "ನಂದೇ" ಅಂದನಂತೆ.

ಸಂಜೆ ಜಗಳಕ್ಕೆ ಬಂದ. "ಎಂತ ಮಾರಾಯ ನೀನು, ಹೀಗೆಲ್ಲ ಬರೆಯುದಾ?"

"ಸುಳ್ಳಿದ್ರ ಸಹಿ ಯಾಕ ಮಾಡಿದ್ರಿ ಸಾಹೇಬ್ರ? ಆರು ತಿಂಗಳಿಂದ ಮಾಡಾಕತ್ತೀರಿ."

ಆ ಊರಲ್ಲಿ ಕನ್ನಡದಲ್ಲಿ ಜಗಳ ಮಾಡಲು ಅವನಿಗೂ ಬೇರೆ ಗತಿ ಇರಲಿಲ್ಲ. ಎರಡು ಇರಾನಿ ಚಹಾ ಮುಗಿಯುವವರೆಗೆ ಮಾಡಿದೆವು. ಮರುದಿನದಿಂದ ಮುಂದಿನ ಸೀಟಿನಲ್ಲಿ ಕೂತ. ನಾನು ಸಾಹೇಬ ಬಿಟ್ಟು ದೋಸ್ತ ಅನ್ನತೊಡಗಿದೆ. ಗೊರಕೆ ಮಾತ್ರ ಮೊದಲಿನಂತೆಯೇ ಇತ್ತು, ಈಗ ನನ್ನ ಕಿವಿಗೆ ಹತ್ತಿರ.

೨. ಬುದ್ಧನ ಬಲಕ್ಕೆ

ದಸರೆಗೆ ಮೂರು ವಾರ ಇರುವಾಗ ಗಾಡಿಯಲ್ಲೇ ಅವನಿಗೆ ಊರಿಂದ ಸೋದರಮಾವನ ಫೋನು ಬಂತು. ಮಾತು ಮುಗಿಸಿದವನು ಕಿಟಕಿ ಕಡೆ ನೋಡುತ್ತಾ ಕೂತ.

"ಯಾರರೆ ಹೋದ್ರೇನು ದೋಸ್ತ?"

"ಅಜ್ಜನ ದೋಣಿ ಹೋಗ್ತದೆ."

ಅವನ ಅಜ್ಜನದೊಂದು ಹಾಯಿದೋಣಿ. ಎಳೆಯವನಿದ್ದಾಗ ಅಜ್ಜನ ತೊಡೆಯ ಮೇಲೆ ಕೂತು ಅದರಲ್ಲಿ ಹೋಗಿದ್ದನಂತೆ. ಅಜ್ಜ ಹೋದ ಮೇಲೆ ನೀರಿಗೆ ಇಳಿಸುವವರಿಲ್ಲದೆ ತೆಂಗಿನ ಗರಿಯ ಚಪ್ಪರದಡಿ ಒಣಗುತ್ತಿತ್ತು. ಅದನ್ನು ಪಕ್ಕದ ಊರಿನ ಹೊಸ ರೆಸಾರ್ಟಿಗೆ ಕೊಡುತ್ತೇನೆ ಅಂತ ಮಾವ ಕಾಗದಕ್ಕೆ ಸಹಿ ಮಾಡಿದ್ದರು. ರೆಸಾರ್ಟಿನವರು ಅದನ್ನು ನಡುವೆ ಕೊಯ್ದು, ಅರ್ಧವನ್ನು ನೆಟ್ಟಗೆ ನಿಲ್ಲಿಸಿ, ಹಣ್ಣಿನ ರಸ ಕೊಡುವ ಕೌಂಟರ್ ಮಾಡುವವರಿದ್ದರು.

ದೋಸ್ತ ಫೋನಿನಲ್ಲೇ ಅತ್ತಂತೆ ಮಾತಾಡಿದ್ದಕ್ಕೆ ಮಾವ ಒಂದು ಷರತ್ತು ಹಾಕಿದ್ದರು. "ದಸರೆಗೆ ಬಾ. ನಮ್ಮ ಹೊಳೆಬಾಯಿಂದ ಆಚೆ ಊರಿನ ಹೊಳೆಬಾಯಿ ದಾಟಿ ಅಲ್ಲಿ ದೋಣಿ ಕಟ್ಟುವ ಕಡವಿನ ತನಕ, ಇಂಜಿನ್ ಇಲ್ಲದೆ, ಹಾಯಿಯಲ್ಲೇ ದೋಣಿ ತಕೊಂಡು ಹೋಗು. ಮುಟ್ಟಿದರೆ ದೋಣಿ ನಿಂದು. ಇಲ್ಲದಿದ್ದರೆ ಆ ಭಾನುವಾರ ರೆಸಾರ್ಟಿನ ಲಾರಿ ಬರ್ತದೆ."

"ನಿನಗ ದೋಣಿ ನಡಸಾಕ ಬರ್ತೈತಿ?" ಅಂದೆ.

"ಹುಸೇನ್ ಸಾಗರದಲ್ಲಿ ಕಲೀತಾ ಇದ್ದೇನಲ್ಲ."

ಅದು ನಿಜ. ಭಾನುವಾರ ಬೆಳಿಗ್ಗೆ ಕೆರೆಯಲ್ಲಿ ಹಾಯಿದೋಣಿಯ ಕ್ಲಾಸಿಗೆ ಹೋಗುತ್ತಿದ್ದ. ಅಲ್ಲಿ ಅವನು ನಿಜವಾಗಿಯೂ ಹುಷಾರು. ಆದರೆ ಕೆರೆಯ ನಡುವೆ ಕಲ್ಲಿನ ಬುದ್ಧ ನಿಂತಿದ್ದಾನೆ, ಅವನ ಲೆಕ್ಕವೆಲ್ಲ ಬುದ್ಧನಿಂದಲೇ. ಬುದ್ಧನ ಬಲಕ್ಕೆ ಹೋದರೆ ಗಾಳಿ ಹಿಂದೆ, ಬುದ್ಧನ ಬೆನ್ನಿಗೆ ಬಂದರೆ ಹಾಯಿ ತಿರುಗಿಸು. ಒಂದು ಭಾನುವಾರ ನನ್ನನ್ನೂ ಕೂರಿಸಿಕೊಂಡು ಎರಡು ಸುತ್ತು ಹಾಕಿದ. ದಂಡೆಗೆ ಬಂದ ಮೇಲೆ ಕೇಳಿದೆ: "ಎಲ್ಲಾ ಚಲೋ ಆತು. ಸಮುದ್ರದಾಗ ಬುದ್ಧ ಎಲ್ಲಿರ್ತಾನ?"

ಅವನು ಆ ದಿನ ಊಟ ಮಾಡಲಿಲ್ಲ.

೩. ಕುಷಾಯಿಗೂಡದ ಉಸ್ತಾದ್

ದೋಸ್ತನ ಆಫೀಸಿನ ಗೋಡೆ ಮೇಲೆ ಒಂದು ಚಿತ್ರ ಇತ್ತು. ಬಿಳಿಯನೊಬ್ಬ ಹಲಗೆಯ ಮೇಲೆ ನಿಂತು ಮನೆಯೆತ್ತರದ ಅಲೆಯಿಂದ ಜಾರುತ್ತಿರುತ್ತಾನೆ, ಕೆಳಗೆ ಧೈರ್ಯದ ಬಗ್ಗೆ ಏನೋ ಬರೆದಿದೆ. ಮೂರು ವರ್ಷ ಅದರ ಕೆಳಗೆ ಕೂತು ಕೆಲಸ ಮಾಡಿದರೆ ಯಾರಿಗಾದರೂ ತಲೆ ಕೆಡುತ್ತದೆ. ಹೇಗೂ ಸಮುದ್ರಕ್ಕೆ ಹೋಗುತ್ತೇವೆ, ಅದೂ ಆಗಲಿ, ಸರ್ಫಿಂಗ್ ಅಂತಾರೆ ಅದಕ್ಕೆ ಅಂದ.

ಹೈದರಾಬಾದಿನಲ್ಲಿ ಆ ಹಲಗೆ ಎಲ್ಲಿ ಸಿಗಬೇಕು? ಕುಷಾಯಿಗೂಡದಲ್ಲಿ ಫೈಬರಿನ ನೀರಿನ ಟ್ಯಾಂಕ್ ಮಾಡುವ ಒಬ್ಬ ಉಸ್ತಾದ್ ನನಗೆ ಪರಿಚಯ. ಅವರ ಮುಂದೆ ಚಿತ್ರ ಇಟ್ಟೆವು. ಉಸ್ತಾದ್ ಗಡ್ಡ ತಿಕ್ಕಿಕೊಂಡು, "ಹೋ ಜಾತಾ" ಅಂದರು. ಹತ್ತು ದಿನಕ್ಕೆ ಆಯಿತು. ಆರಡಿ ಉದ್ದ, ಹಾಲಿನಂಥ ಬಿಳುಪು, ಮೂತಿ ಚೂಪು, ಹಿಂದೆ ಕೆಳಗಡೆ ಮೀನಿನ ರೆಕ್ಕೆ, ಒಳಗೆ ಟ್ಯಾಂಕಿನಂತೆ ಟೊಳ್ಳು. ದೋಸ್ತ ಸುತ್ತ ಕೈಯಾಡಿಸುತ್ತಾ ಬಂದವನು ಬಾಲದ ಹತ್ತಿರ ನಿಂತ. ಅಲ್ಲೊಂದು ತೂತು, ಅದಕ್ಕೆ ತಿರುಗಿಸಿ ಹಾಕುವ ಕರಿ ಬಿರಡೆ.

"ಇದೆಂತಕ್ಕೆ ಉಸ್ತಾದ್?"

ಉಸ್ತಾದರಿಗೆ ಬೇಜಾರಾಯಿತು. ಮೂವತ್ತು ವರ್ಷದಲ್ಲಿ ಅವರು ಬಿರಡೆ ಇಲ್ಲದ ಸಾಮಾನು ಹೊರಗೆ ಬಿಟ್ಟವರಲ್ಲ. "ಪಾನಿ ಕಾ ಚೀಜ್ ಹೈ ಮಿಯಾ, ನೀರಿನ ಸಾಮಾನು. ವರ್ಷಕ್ಕೊಮ್ಮೆ ತೊಳೆಯೋದು ಬೇಡವಾ?"

೪. ಯಾವ ವಿಮಾನದ್ದು

ಹಲಗೆ ದೋಸ್ತನ ರೂಮಿಗೆ ಬಂತು. ರೂಮು ಬೇಗಂಪೇಟೆಯಲ್ಲಿ. ಹೊರಡುವ ದಿನ ಅದನ್ನು ಆಟೋದವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಮುಂದೆ ಅವನು, ಹಿಂದೆ ನಾನು, ತಲೆಯ ಮೇಲೆ ಹೊತ್ತು ರೈಲು ಸ್ಟೇಷನ್ನಿಗೆ ನಡೆದೆವು. ವಿಮಾನ ನಿಲ್ದಾಣ ಆಗ ಅಲ್ಲೇ ಇತ್ತು. ಅದರ ಗೋಡೆಯ ಪಕ್ಕ ಹೋಗುವಾಗ ಒಬ್ಬ ಕಾನ್ಸ್‌ಟೇಬಲ್ ಲಾಠಿ ಅಡ್ಡ ಹಿಡಿದರು. ಹಲಗೆ ನೋಡಿದರು, ಗೋಡೆ ನೋಡಿದರು, ಗೋಡೆಯಾಚೆ ಏರುತ್ತಿದ್ದ ವಿಮಾನ ನೋಡಿದರು.

"ಇದಿ ಏ ವಿಮಾನಂದಿ?"

ದೋಸ್ತ ಇಂಗ್ಲಿಷಿನಲ್ಲಿ ಅಲೆ, ಸಮುದ್ರ, ಕ್ರೀಡೆ ಅಂತ ಶುರು ಮಾಡಿದ. ಅದರಿಂದ ಅನುಮಾನ ಗಟ್ಟಿಯಾಯಿತು. ಕಾನ್ಸ್‌ಟೇಬಲ್ ಲಾಠಿಯಿಂದ ತಟ್ಟಿದರು, ಢಬ ಢಬ ಅಂತು. ಬಿರಡೆ ತಿರುವಿ ಒಳಗೆ ಇಣುಕಿದರು, ಮೂಸಿದರು, ಸೇಂದಿ ಸಾಗಿಸುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡರು. ನಾನು ದೋಸ್ತನನ್ನು ಪಕ್ಕಕ್ಕೆ ಸರಿಸಿ ತೆಲುಗಿನಲ್ಲಿ, "ಸಾರ್, ನೀರಿನ ಟ್ಯಾಂಕು. ಮಂಚದ ಕೆಳಗೆ ಇಡೋದು. ನೀರಿನ ತಾಪತ್ರಯ ಐತಲ್ಲ" ಅಂದೆ.

ಕಾನ್ಸ್‌ಟೇಬಲ್ ಮುಖ ಅರಳಿತು. ಎಲ್ಲಿ ಸಿಗುತ್ತದೆ, ಯಾರು ಮಾಡುತ್ತಾರೆ ಅಂತ ಕೇಳಿ ಉಸ್ತಾದರ ವಿಳಾಸ ಬರೆದುಕೊಂಡರು. ಆಮೇಲೆ ಉಸ್ತಾದ್ ಹೇಳಿದ ಪ್ರಕಾರ ಆ ವರ್ಷ ಅಂಥವು ಇನ್ನೂ ಎರಡು ಹೋದವಂತೆ, ಎರಡೂ ಮಂಚದ ಕೆಳಗೆ.

೫. ಬಾವಿಯ ಈಜು

ಮಾವನ ಊರು ಮುಟ್ಟಿದಾಗ ಶುಕ್ರವಾರ ಮಧ್ಯಾಹ್ನ. ಸಮುದ್ರವನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನಮ್ಮ ಕಡೆ ಕೆರೆಗೆ ಆಚೆ ದಂಡೆ ಅಂತ ಒಂದಿರುತ್ತದೆ. ಇದಕ್ಕೆ ಇರಲಿಲ್ಲ.

ಮಾವ ಅರವತ್ತು ದಾಟಿದವರು, ಪಂಚೆ ಮೊಣಕಾಲ ಮೇಲೆ ಕಟ್ಟಿದವರು. ಹಲಗೆ ನೋಡಿದರು. ಬಿರಡೆ ನೋಡಿದರು. ನನ್ನನ್ನು ನೋಡಿ ಕೇಳಿದರು: "ಡ್ರೈವರ್ರೇ, ನಿಮಗೆ ಈಜು ಬರ್ತದಾ?"

"ಬಾವ್ಯಾಗ ಬರ್ತದ್ರೀ ಮಾಮಾ."

"ಬಾವಿಯಲ್ಲಿ ಎಲ್ಲರಿಗೂ ಬರ್ತದೆ. ಬಿದ್ದ ಮೇಲೆ."

ಆ ಸಂಜೆಯೇ ದೋಸ್ತ ಹಲಗೆ ಹಿಡಿದು ನೀರಿಗೆ ಇಳಿದ. ಊರಿನ ಅರ್ಧ ಜನ ದಂಡೆಯಲ್ಲಿ ಕೂತಿದ್ದರು. ಒಂದು ಅಲೆ ಬಂತು, ಅವನು ಹಲಗೆಯ ಮೇಲೆ ಮೊಣಕಾಲೂರಿದ, ಎರಡು ಕೈ ಚಾಚಿ ಅರ್ಧ ಎದ್ದ. ಅಷ್ಟರಲ್ಲಿ ಹಲಗೆಯ ಬಾಲದಿಂದ ಬುಳ್ ಬುಳ್ ಅಂತ ಸದ್ದು. ಕಾನ್ಸ್‌ಟೇಬಲ್ ಬಿರಡೆ ತಿರುವಿ ಹಾಕುವಾಗ ಪೂರ್ತಿ ಬಿಗಿ ಮಾಡಿರಲಿಲ್ಲ. ಹಲಗೆ ನಿಧಾನಕ್ಕೆ ಮೂತಿ ಮೇಲೆ ಮಾಡಿ, ಬಾಲ ಕೆಳಗೆ ಮಾಡಿ, ನೀರು ಕುಡಿಯುತ್ತಾ ಮುಳುಗಿತು. ದೋಸ್ತನೂ ಅದರ ಜೊತೆ ಸೊಂಟದ ತನಕ, ಎದೆಯ ತನಕ ಇಳಿಯುತ್ತಾ ಹೋದ. ಎರಡು ಕೈ ಮಾತ್ರ ಚಾಚಿಯೇ ಇದ್ದವು.

ನಾನು ಅಂಗಿ ಸಮೇತ ಹಾರಿದೆ. ಬಾವಿಯ ಈಜಿನಲ್ಲಿ ನಾಲ್ಕು ಕೈ ಹೊಡೆದ ಮೇಲೆ ಮೆಟ್ಟಿಲು ಸಿಗಬೇಕು. ನಾಲ್ಕು ಹೊಡೆದೆ, ಸಿಗಲಿಲ್ಲ. ಇನ್ನೂ ನಾಲ್ಕು ಹೊಡೆದೆ. ಜೀವ ಬಾಯಿಗೆ ಬಂದು, ದೇವರನ್ನು ಕರೆಯುವಷ್ಟರಲ್ಲಿ ದಂಡೆಯಿಂದ ಮಾವನ ದನಿ ಕೇಳಿತು.

"ಡ್ರೈವರ್ರೇ, ಎದ್ದು ನಿಲ್ಲಿ."

ಎದ್ದು ನಿಂತೆ. ನೀರು ಎದೆಮಟ್ಟ.

ಮರುದಿನ ಬೆಳಿಗ್ಗೆ ನೀರು ಇಳಿದಾಗ ಹಲಗೆಯನ್ನು ಎಳೆದು ತಂದೆವು. ಅತ್ತೆ ಅದನ್ನು ತೊಳೆದು ಅಂಗಳದಲ್ಲಿ ಮಲಗಿಸಿ, ಮೇಲೆ ಉಪ್ಪು ಹಾಕಿದ ಮೀನು ಒಣಗಲು ಹರವಿದರು. "ಒಳ್ಳೆದುಂಟು. ನೀರು ಸೋರಿ ಹೋಗಲಿಕ್ಕೆ ತೂತೂ ಉಂಟು" ಅಂದರು. ಇಡೀ ಪ್ರಯಾಣದಲ್ಲಿ ಉಸ್ತಾದರ ಕೆಲಸ ಅರ್ಥ ಮಾಡಿಕೊಂಡವರು ಅತ್ತೆ ಒಬ್ಬರೇ.

೬. ರಿವರ್ಸ್ ಗೇರು

ಉಳಿದಿದ್ದು ಶನಿವಾರ ಒಂದೇ. ಮಾವ ಬೆಳಕು ಹರಿಯುವ ಮುಂಚೆಯೇ ದೋಣಿಯನ್ನು ಹೊಳೆಯಲ್ಲಿ ತೇಲಿಸಿ, ಚುಕ್ಕಾಣಿ ದೋಸ್ತನ ಕೈಗೆ ಕೊಟ್ಟಿದ್ದರು. ಅವನು ಒಂದು ಸುತ್ತು ಹಾಕಿ, ಕಣ್ಣು ಕಿರಿದು ಮಾಡಿ ನಾಲ್ಕೂ ಕಡೆ ನೋಡಿದ. ಏನು ಹುಡುಕುತ್ತಿದ್ದಾನೆ ಅಂತ ನನಗೊಬ್ಬನಿಗೇ ಗೊತ್ತು. ಎರಡನೇ ಸುತ್ತಿಗೆ ದೋಣಿ ಅಕ್ಕಪಕ್ಕದವರ ಬಲೆಗೆ ನುಗ್ಗಿತು.

"ಹಾಯಿ ನೀನು ಹಿಡಿ. ಚುಕ್ಕಾಣಿ ಅವರಿಗೆ ಕೊಡು" ಅಂದರು ಮಾವ.

ನಾನು ಹಿಡಿದೆ. ಎಡಕ್ಕೆ ಹೋಗಬೇಕು ಅಂತ ಹಿಡಿಕೆಯನ್ನು ಎಡಕ್ಕೆ ಒತ್ತಿದರೆ ದೋಣಿ ಬಲಕ್ಕೆ ಹೋಯಿತು. ಬಲಕ್ಕೆ ಒತ್ತಿದರೆ ಎಡಕ್ಕೆ. ದೋಸ್ತ ಕಾಗದದ ಮೇಲೆ ಗೆರೆ ಎಳೆದು ಬಾಣ ಹಾಕಿ ವಿವರಿಸಿದ. ನನಗೆ ಅದು ಬೇಕಾಗಿರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಕಬ್ಬಿನ ಟ್ರಾಲಿಯನ್ನು ಕಾರ್ಖಾನೆಯ ಗೇಟಿನೊಳಗೆ ರಿವರ್ಸ್ ತೆಗೆದವನು ನಾನು. ಟ್ರಾಲಿಯೂ ಹೀಗೆಯೇ, ಅತ್ತ ತಿರುವಿದರೆ ಇತ್ತ ಹೋಗುತ್ತದೆ. "ತಿಳೀತು, ದೋಸ್ತ. ನಿಮ್ಮ ದೋಣಿ ಮುಂದ ಹೋಗೂದೂ ರಿವರ್ಸಿನಾಗ" ಅಂದೆ. ಐದು ನಿಮಿಷಕ್ಕೆ ದೋಣಿಯನ್ನು ಎರಡು ಗೂಟಗಳ ನಡುವೆ ತಂದು ನಿಲ್ಲಿಸಿದೆ.

ಮಾವ ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿ ನೋಡಿದರು. "ಎಲ್ಲಿ ಕಲಿತದ್ದು?"

"ಸಕ್ಕರಿ ಫ್ಯಾಕ್ಟರ್ಯಾಗ್ರಿ."

೭. ನಾಲ್ಕನೆಯ ಲಿಂಬೆಹಣ್ಣು

ಹೊರಡುವ ಮುಂಚೆ ದೋಣಿಯನ್ನು ಒಮ್ಮೆ ಮರಳಿನ ಮೇಲೆ ಎಳೆದು, ಅಡಿ ನೋಡಿ, ಮರದ ತುಂಡುಗಳ ಮೇಲಿಂದ ಸಮುದ್ರಕ್ಕೆ ದೂಡುವುದು ಅಲ್ಲಿನ ರೂಢಿ. ನಮ್ಮ ರೂಢಿ ಬೇರೆ. ಹೊಸ ಗಾಡಿ ಹೊರಡುವ ಮುಂಚೆ ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು. ನಾನು ಕೋಠಿಯಿಂದಲೇ ತಂದಿದ್ದೆ. ದೋಣಿಗೆ ಗಾಲಿ ಇಲ್ಲ, ಆದ್ದರಿಂದ ಅಡಿಯಲ್ಲಿ ಸಾಲಾಗಿ ಇಟ್ಟೆ. ದೋಸ್ತ ನಾಚಿಕೆಯಿಂದ, "ಮಾವ ನೋಡಿದರೆ ನಗ್ತಾರೆ ಮಾರಾಯ" ಅಂದ.

ಮಾವ ನಗಲಿಲ್ಲ. "ನಮ್ಮಲ್ಲಿ ತೆಂಗಿನಕಾಯಿ, ನಿಮ್ಮಲ್ಲಿ ಲಿಂಬೆ. ಇಡಲಿ. ಸಮುದ್ರಕ್ಕೆ ಎರಡೂ ಗೊತ್ತುಂಟು."

ದೂಡಿದೆವು. ಮೂರು ಹಣ್ಣು ಒಡೆದವು. ನಾಲ್ಕನೆಯದು ಜಾರಿ, ಉರುಳಿ, ನೀರಿಗೆ ಬಿದ್ದು, ತೇಲುತ್ತಾ ನಮಗಿಂತ ಮುಂದೆ ಹೊರಟಿತು. ಅಪಶಕುನವೋ ಏನೋ ಅಂತ ನಾನು ಮಾವನ ಮುಖ ನೋಡಿದೆ.

ಮಾವ ಅದನ್ನೇ ನೋಡುತ್ತಾ ಹೇಳಿದರು: "ನಿಮ್ಮ ಹಲಗೆಗಿಂತ ಒಳ್ಳೆದು ತೇಲ್ತದೆ."

೮. ಗಾಡಿ ಬಿಟ್ಟ ವೇಳೆ

ಮಾವ ಬಸ್ಸಿನಲ್ಲಿ ಆಚೆ ಊರಿನ ಕಡವಿಗೆ ಹೋಗಿ ಕಾಯುತ್ತೇನೆ ಅಂದರು. ನಮಗೆ ಹೇಳಿದ್ದು ಒಂದೇ ಮಾತು: "ದಂಡೆ ಎಡಗೈಗೆ ಇರಲಿ." ಬುದ್ಧನಿಗಿಂತ ಅದು ಸುಲಭ. ದೋಸ್ತ ಹಾಯಿ ಹಿಡಿದ, ನಾನು ರಿವರ್ಸಿನಲ್ಲಿ ಕೂತೆ. ಬೆಳಗಿನ ಗಾಳಿ ದಂಡೆಯಿಂದ ಬೀಸುತ್ತಿತ್ತು. ಮೂರು ತಾಸು ಹಾಗೇ ಸಾಗಿದೆವು. ದೋಸ್ತ ಗೊರಕೆ ಹೊಡೆಯದೆ ನನ್ನ ಜೊತೆ ಪ್ರಯಾಣ ಮಾಡಿದ್ದು ಅದೊಂದೇ ಸಲ. ಹಳೇ ಮರ ಕಿರ್ರ್ ಅನ್ನುವಾಗಲೆಲ್ಲ ಅವನು ಅದರ ಮೇಲೆ ಅಂಗೈ ಇಡುತ್ತಿದ್ದ, ಜ್ವರ ನೋಡುವವರ ಹಾಗೆ.

ಆಚೆ ಹೊಳೆಬಾಯಿ ಕಂಡಿತು. ಅಲ್ಲಿ ಹೊಳೆ ಹೊರಗೆ ನೂಕುತ್ತದೆ, ಸಮುದ್ರ ಒಳಗೆ ನೂಕುತ್ತದೆ, ನಡುವೆ ಅಲೆ ಎದ್ದು ನಿಲ್ಲುತ್ತದೆ. ಒಂದು ಅಲೆ ದೋಣಿಯ ಹಿಂಭಾಗವನ್ನು ಎತ್ತಿತು. ಚುಕ್ಕಾಣಿ ನೀರು ಬಿಟ್ಟು ಗಾಳಿಯಲ್ಲಿ ಆಡಿತು. ಆಮೇಲೆ ನಾವು ಓಡಿಸಿದ್ದಲ್ಲ, ಅದೇ ಓಡಿತು. ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿಯಲ್ಲಿ ನಾನು ಒಮ್ಮೆ ಕೂತಿದ್ದೇನೆ, ಅದೇ ಅನುಭವ. ಹಾಯಿಯ ಹಗ್ಗ ಕೈಬಿಟ್ಟ ದೋಸ್ತ ಏನು ಮಾಡಲೂ ತೋಚದೆ ಎದ್ದು ನಿಂತ. ಕಾಲು ಅಗಲ, ಎರಡು ಕೈ ಚಾಚಿ, ಥೇಟ್ ಅವನ ಆಫೀಸಿನ ಗೋಡೆಯ ಚಿತ್ರ. ಹೀಗೆ ಅವನ ಸರ್ಫಿಂಗೂ ಆಯಿತು.

ದೋಣಿ ಹೊಳೆಯೊಳಗೆ ಹೋಗುವ ಬದಲು ಪಕ್ಕದ ಮರಳಿಗೆ ಏರಿ, ಬಣ್ಣದ ಕೊಡೆಗಳ ನಡುವೆ ಮೂತಿ ಇಟ್ಟು ನಿಂತಿತು. ಅದು ಅಜ್ಜನ ದೋಣಿ ಕೊಯ್ಯಲಿದ್ದ ಅದೇ ರೆಸಾರ್ಟ್. ಆರಾಮಕುರ್ಚಿಯಲ್ಲಿ ಮಲಗಿದ್ದ ಇಬ್ಬರು ಬಿಳಿಯರು ಕಾಲು ಮಡಚಿಕೊಂಡು ಜಾಗ ಕೊಟ್ಟರು. ಮ್ಯಾನೇಜರ್ ಫೋನು ಕಿವಿಗೆ ಒತ್ತಿಕೊಂಡೇ ಬಂದರು. "ದೋಣಿಯಾ? ಲಾರಿ ನಾಳೆ ಅಂತಲ್ಲವಾ? ಇರಲಿ, ಬದಿಗೆ ಇಡಿ," ಅಂದು ಮತ್ತೆ ಫೋನಿಗೆ ತಿರುಗಿದರು.

ದೋಸ್ತ ದೋಣಿಯ ಅಂಚನ್ನು ಎರಡು ಕೈಯಿಂದ ಹಿಡಿದುಕೊಂಡ. ನಾನಾದರೋ, ಗಾಡಿ ನಿಂತಿತು, ಎದುರಿಗೆ ಒಬ್ಬ ಸಾಹೇಬ, ಅವನ ಕಿವಿಗೆ ಫೋನು. ನನ್ನ ಕೈ ತಾನಾಗಿ ಪ್ಲಾಸ್ಟಿಕ್ ಚೀಲದಿಂದ ಟ್ರಿಪ್ ಶೀಟಿನ ಪುಸ್ತಕ ತೆಗೆಯಿತು. ಪುಸ್ತಕ ಇಲ್ಲದೆ ನಾನು ಪಾಯಖಾನೆಗೂ ಹೋಗುತ್ತಿರಲಿಲ್ಲ. ಅವರು ಫೋನಿನಲ್ಲಿ ಮಾತಾಡುತ್ತಿದ್ದಂತೆಯೇ ನಾನು ಎಲ್ಲಾ ಬರೆದೆ, ಷರಾ ಸಹಿತ. ಪೆನ್ನು ಮುಂದೆ ಹಿಡಿದೆ. ಅವರು ನೋಡದೆ ಸಹಿ ಹಾಕಿ, ಕೈ ಬೀಸಿ ಒಳಗೆ ಹೋದರು.

ಬದಿಗೆ ಇಡಿ ಅಂದಿದ್ದರು. ನಾವು ದೋಣಿ ದೂಡಿ, ಹಾಯಿ ಮತ್ತೆ ಬಿಗಿದು, ಹೊಳೆಯೊಳಗೆ ತಿರುವು ದಾಟಿ, ಕಡವಿನ ಬದಿಗೆ ಇಟ್ಟೆವು.

ಮಾವ ದೋಣಿಯ ಸುತ್ತ ಒಂದು ಸಲ ನಡೆದರು. "ಯಾರ ಮೋಟಾರು ಬೋಟಿಗೆ ಕಟ್ಟಿಕೊಂಡು ಬಂದದ್ದು?"

"ಹಾಯಿಯಲ್ಲೇ ಬಂದದ್ದು ಮಾವ, ದೇವರಾಣೆ."

"ಕಂಡವರು ಉಂಟಾ?"

ನಾನು ಹಾಳೆ ಹರಿದು ಕೊಟ್ಟೆ. ಮಾವ ಕನ್ನಡಕ ಹಾಕಿಕೊಂಡು ಮೇಲಿಂದ ಓದತೊಡಗಿದರು. ಟ್ರಿಪ್ ಶೀಟನ್ನು ಓದುವ ಮನುಷ್ಯನನ್ನು ನಾನು ನೋಡಿದ್ದು ಅಂದೇ ಮೊದಲು.

"ಮೀಟರು, ಹೊರಟಾಗ ಸೊನ್ನೆ. ಮುಟ್ಟಿದಾಗ ಸೊನ್ನೆ." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅಂದರೆ ನೀವು ಹೊರಟೇ ಇಲ್ಲ."

"ಇಂಜಿನ್ ಇದ್ರ ಮೀಟರ್ ಓಡ್ತಿತ್ರೀ ಮಾಮಾ. ಓಡಿಲ್ಲ ಅಂದ್ರ ಇಂಜಿನ್ ಹಚ್ಚಿಲ್ಲ. ಇದಕ್ಕಿಂತ ಸಾಕ್ಷಿ ಏನ ಬೇಕ್ರಿ?"

ಮಾವ ಆ ಮಾತನ್ನು ಒಳಗೇ ಎರಡು ಸಲ ತಿರುಗಿಸಿ ನೋಡಿದರು. ತಪ್ಪು ಸಿಗಲಿಲ್ಲ. ಕೆಳಗೆ ಓದಿದರು. ಸಹಿ ನೋಡಿ ಹುಬ್ಬೇರಿಸಿದರು, ಅದು ದೋಣಿ ಮಾರಾಟದ ಕಾಗದದ ಮೇಲೂ ಇದ್ದ ಮ್ಯಾನೇಜರ್ ಸಹಿ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ದೋಣಿ ನಿಂದು" ಅಂತ ಅಳಿಯನಿಗೆ ಹೇಳಿ, ಬೇರೆ ಕಡೆ ನೋಡುತ್ತಾ ಮೂಗು ಒರೆಸಿಕೊಂಡರು.

ಭಾನುವಾರ ಮ್ಯಾನೇಜರ್ ಲಾರಿ ಸಮೇತ ಮನೆಗೇ ಬಂದರು. "ನಿನ್ನೆ ನಮ್ಮಲ್ಲಿಗೆ ಬಂದ ದೋಣಿ ಎಲ್ಲಿ?"

ಮಾವ ಹಾಳೆ ಬಿಚ್ಚಿ, ಅಂಗಳದ ನಡುವೆ ನಿಂತು ಗಟ್ಟಿಯಾಗಿ ಓದಿದರು. "ಗಾಡಿ ಬಿಟ್ಟ ವೇಳೆ ಹನ್ನೊಂದು ನಲವತ್ತು. ಷರಾ: ಸಾಹೇಬರು ಫೋನಿನಲ್ಲಿ ಇದ್ದರು. ದೋಣಿಯ ಕಡೆ ಸರಿಯಾಗಿ ಒಮ್ಮೆಯೂ ನೋಡಲಿಲ್ಲ. ಅವರಿಗೆ ಬೇಡ ಅಂತ ಕಾಣುತ್ತದೆ." ಆಮೇಲೆ ಕೇಳಿದರು: "ಕೆಳಗಿನ ಸಹಿ ಯಾರದು?"

ಮ್ಯಾನೇಜರ್ ಹಾಳೆಗೆ ಬಗ್ಗಿ ನೋಡಿದರು. "ನಂದೇ" ಅಂದರು.

ಪಕ್ಕದಲ್ಲಿ ನಿಂತಿದ್ದ ಮೊದಲಿನ 'ನಂದೇ', ನನ್ನ ದೋಸ್ತ, ಎರಡು ಕೈಯಿಂದ ಬಾಯಿ ಮುಚ್ಚಿಕೊಂಡ.

ಆದರೂ ಲಾರಿ ಖಾಲಿ ಹೋಗಲಿಲ್ಲ. ಮ್ಯಾನೇಜರ್ ಕಣ್ಣು ಅಂಗಳದ ಹಲಗೆಯ ಮೇಲೆ ಬಿತ್ತು. ಬಿಳುಪು, ಚೂಪು, ನೀರು ಸೋರಲು ತೂತೂ ಇದೆ. ಹಣ್ಣಿನ ರಸದ ಕೌಂಟರಿಗೆ ಹೇಳಿ ಮಾಡಿಸಿದಂತಿತ್ತು. ಅತ್ತೆ ಗೊಣಗುತ್ತಾ ಮೀನು ತೆಗೆದುಕೊಂಡರು. ಹಲಗೆ ಲಾರಿ ಹತ್ತಿದ ಮೇಲೆ ನಾನು ರೂಢಿಯಂತೆ ಪುಸ್ತಕ ಮುಂದೆ ಹಿಡಿದೆ. ಮ್ಯಾನೇಜರ್ ಫೋನು ಆಫ್ ಮಾಡಿ ಜೇಬಿಗೆ ಹಾಕಿದರು. ಮೇಲಿಂದ ಕೆಳಗಿನ ತನಕ ಎರಡು ಸಲ ಓದಿ, ಎ.ಸಿ. ಇತ್ತು ಎಂಬುದನ್ನು ಹೊಡೆದು ಹಾಕಿ, ಆಮೇಲೆ ಸಹಿ ಮಾಡಿದರು.